ಎಲೆ ಪಾಠದ ಹಿಂದೆ

ನನ್ನ ಜೀವಮಾನದಲ್ಲಿ ನನಗೆ ಸರಿಯಾಗಿ ಗೊತ್ತಿದ್ದದ್ದು ಒಂದೇ ಒಂದು ವಿಷಯ. ಅದನ್ನೂ ಒಂದು ಬುಧವಾರ ಬೆಳಗ್ಗೆ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡು, ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ನಿಂತು ಕಳೆದುಕೊಂಡೆ. ಕಳೆದುಕೊಂಡೆ ಅಂದರೆ ಜೇಬಿನಿಂದ ಬಿದ್ದುಹೋಯಿತು ಅಂತಲ್ಲ. ಹೇಳಿಬಿಟ್ಟೆ. ನಮ್ಮ ಊರಿನಲ್ಲಿ ಯಾರಿಗಾದರೂ ಏನನ್ನಾದರೂ ಮನಸ್ಸಿಗೆ ಹತ್ತುವಂತೆ ಕಲಿಸಿದರೆ, ಕಲಿಸಿದವರಿಗೆ ಅದು ಮರೆತುಹೋಗುತ್ತದೆ. ಎಡಗಿವಿಯಲ್ಲಿ ಗುಯ್ ಎಂದು ಸಣ್ಣ ಸದ್ದಾಗುತ್ತದೆ, ಅಷ್ಟೇ. ಅಲ್ಲಿಂದಾಚೆಗೆ ಅದು ಕಲಿತವರದು.

ಇದು ದೊಡ್ಡ ತೊಂದರೆ ಎಂದು ನಮಗೇನೂ ಅನಿಸುವುದಿಲ್ಲ. ಹುಟ್ಟಿದಾಗಿನಿಂದ ಹೊಂದಿಕೊಂಡುಬಿಟ್ಟಿದ್ದೇವೆ. ತಾಯಂದಿರು ಮಗಳಿಗೆ ಬಸ್ಸಾರು ಮಾಡುವುದನ್ನು ಮದುವೆಯ ಹಿಂದಿನ ದಿನದವರೆಗೂ ಕಲಿಸುವುದಿಲ್ಲ. ಆಮೇಲೆ ಬಸ್ಸಾರು ಉಣ್ಣಬೇಕೆನಿಸಿದರೆ ಏನಾದರೊಂದು ನೆಪ ಮಾಡಿಕೊಂಡು ಬೀಗರ ಮನೆಗೆ ಹೋಗುತ್ತಾರೆ. ಈಜು ಕಲಿಸುವವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ದಡದಲ್ಲೇ ನಿಂತು ಕಲಿಸುತ್ತಾನೆ. ಹೊರಗಿನಿಂದ ಬಂದವರು ದಾರಿ ಕೇಳಿದರೆ ನಾವು ಕೈಯನ್ನು ಎತ್ತಲೋ ಬೀಸಿ ಮುಂದೆ ನಡೆಯುತ್ತೇವೆ. ಅವರು ನಮ್ಮನ್ನು ಗಂಟುಮುಖದವರು ಎನ್ನುತ್ತಾರೆ. ಅನ್ನಲಿ. ಬಸ್‌ಸ್ಟ್ಯಾಂಡಿಗೆ ದಾರಿ ಬಿಡಿಸಿ ಹೇಳಿ, ಆಮೇಲೆ ತಾನೇ ಬಸ್ಸು ಹತ್ತಲಾರದೆ ಬೀದಿ ಸುತ್ತಿದವನ ಕಷ್ಟ ಅವರಿಗೇನು ಗೊತ್ತು.

ಕಾಲೇಜು ನಡೆಯುವುದೂ ಹೀಗೆಯೇ. ಪುಸ್ತಕಗಳಿವೆ. ಓದಿದರೆ ಅಕ್ಷರ ಕಾಣುತ್ತದೆ, ಅರ್ಥ ಮಾತ್ರ ಯಾರ ತಲೆಯಲ್ಲಿದೆಯೋ ಅಲ್ಲೇ ಇರುತ್ತದೆ. ಬೇರೆ ಊರಿನ ಹುಡುಗರು ಇದನ್ನು ನೆಪವಾಗಿ ಹೇಳುತ್ತಾರಂತೆ. ನಮ್ಮಲ್ಲಿ ಇದು ನಿಜ. ವರ್ಷದ ಮೊದಲಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದು, ಒಬ್ಬೊಬ್ಬರಿಗೆ ಒಂದೊಂದು ಪಾಠ ಕಲಿಸಿ, ತಾವು ಖಾಲಿಯಾಗುತ್ತಾರೆ. ವರ್ಷದ ಕೊನೆಗೆ ವೈವಾ. ಆ ದಿನ ನಾವು ನಮ್ಮ ನಮ್ಮ ಪಾಠವನ್ನು ಮೇಷ್ಟ್ರಿಗೆ ವಾಪಸ್ ಕಲಿಸಬೇಕು. ಅವರ ಮುಖ ಬೆಳಗಿ, ನಮ್ಮ ಕಿವಿ ಗುಯ್ ಎಂದರೆ ಪಾಸು. ಪಾಸಾದವನಿಗೆ ಏನೂ ಗೊತ್ತಿರುವುದಿಲ್ಲ. ಗೊತ್ತಿರುವವನು ಇನ್ನೂ ಪಾಸಾಗಿಲ್ಲ ಎಂದು ಅರ್ಥ.

ನಮ್ಮ ಸಸ್ಯಶಾಸ್ತ್ರದ ಹಾಲಪ್ಪ ಮೇಷ್ಟ್ರು ನನಗೆ ಕೊಟ್ಟದ್ದು ಎಲೆ ಪಾಠ. ಅದು ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ಪಾಠ ಎಂದು ಇಡೀ ಕಾಲೇಜಿಗೆ ಗೊತ್ತು. ಅದನ್ನು ನನಗೇ ಯಾಕೆ ಕೊಟ್ಟರು ಎಂದು ನಾನು ಒಂದೆರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ತಡೆಯಲಾರದೆ ಅವರನ್ನೇ ಕೇಳಿಯೂ ಬಿಟ್ಟೆ.

"ಜಾಣರಿಗೆ ಕೊಟ್ರೆ ಅವರು ಯಾರಿಗಾದ್ರೂ ಹೇಳಿಬಿಡ್ತಾರೆ ಕಣೋ ತಿಪ್ಪೇಶ. ನಿನ್ನ ತಲೇಲಿ ಭದ್ರವಾಗಿರುತ್ತೆ. ನೀನು ಯಾರಿಗೂ ಏನನ್ನೂ ಅರ್ಥ ಆಗೋ ಹಾಗೆ ಹೇಳಿದ್ದನ್ನ ನಾನು ನೋಡಿಲ್ಲ" ಎಂದರು.

ಅವರ ನಂಬಿಕೆಯನ್ನು ನಾನು ವರ್ಷವಿಡೀ ಉಳಿಸಿಕೊಂಡೆ. ವೈವಾದ ದಿನ ಬೆಳಗಿನವರೆಗೆ.

ಆ ದಿನಕ್ಕೆ ಇನ್ನೊಂದು ವಿಶೇಷವೂ ಇತ್ತು. ಸಂಜೆ ಹಾಲಪ್ಪ ಮೇಷ್ಟ್ರು ನಿವೃತ್ತರಾಗುವವರಿದ್ದರು. ನಿವೃತ್ತರಾಗುವ ಮೇಷ್ಟ್ರು ತಮ್ಮ ಪಾಠಗಳನ್ನೆಲ್ಲ ಹೊಸಬರಿಗೆ ಒಪ್ಪಿಸಿ ಹೋಗಬೇಕು. ಆದರೆ ಒಂದನ್ನು, ತಮಗೆ ಬೇಕಾದ ಒಂದೇ ಒಂದನ್ನು, ಮನೆಗೆ ಒಯ್ಯಬಹುದು. ಅದು ನಮ್ಮ ಕಾಲೇಜಿನ ಮರ್ಯಾದೆ. ಹಾಲಪ್ಪ ಮೇಷ್ಟ್ರು ಎಲೆ ಪಾಠ ಒಯ್ಯುತ್ತಾರೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೇಷ್ಟ್ರು ಹೊರಟುಹೋಗುವ ಮೊದಲು ಪಾಠ ಒಪ್ಪಿಸದವನ ಗತಿಯನ್ನೂ ಹೇಳಬೇಕಾಗಿಲ್ಲ. ಯಾವ ಮೇಷ್ಟ್ರು ಕೊಟ್ಟರೋ ಅವರೇ ತೆಗೆದುಕೊಳ್ಳಬೇಕು. ಲೈಬ್ರರಿ ಪಕ್ಕದ ಕಟ್ಟೆಯ ಮೇಲೆ ಕೂರುವ ಜಂಬಣ್ಣ ಎಂಬ ವಿದ್ಯಾರ್ಥಿ ಹೀಗೇ ಉಳಿದವನು. ಈಗ ಅವನ ಮಗ ನಮಗೆ ಜೂನಿಯರ್. ಅಪ್ಪ ಮಗ ಒಂದೇ ಬುತ್ತಿ ಹಂಚಿಕೊಂಡು ತಿನ್ನುತ್ತಾರೆ.

ಸಂಜೆಯ ಸಮಾರಂಭದ ಉಸ್ತುವಾರಿಯೂ ನನ್ನದೇ. ನಾಯಕತ್ವದ ಗುಣ ಕಂಡು ಕೊಟ್ಟರು ಎಂದುಕೊಳ್ಳಬೇಡಿ. ತರಗತಿಯಲ್ಲಿ ಸೈಕಲ್‌ಗೆ ಕ್ಯಾರಿಯರ್ ಇದ್ದದ್ದು ನನ್ನೊಬ್ಬನದೇ. ಹೂವಿನ ಹಾರ, ಶಾಲು, ಮೈಕ್ ಸೆಟ್, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಎಲ್ಲ ನನ್ನ ತಲೆಯ ಮೇಲೆ. ತಲೆಯೊಳಗೆ ಎಲೆ ಪಾಠ. ಇಷ್ಟು ತುಂಬಿಕೊಂಡು ನಾನು ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತಿದ್ದಾಗ ಸರ್ವಮಂಗಳ ಅತ್ತಿಗೆ ಚಿತ್ರಾನ್ನದ ಒಗ್ಗರಣೆಗೆ ಕರಿಬೇವು ಕೀಳಲು ಬಂದರು.

ಅತ್ತಿಗೆ ಅಣ್ಣನನ್ನು ಮದುವೆಯಾಗಿ ನಮ್ಮ ಊರಿಗೆ ಬಂದು ಇನ್ನೂ ಹೊಸದು. ಅವರ ತವರಿನಲ್ಲಿ ಇನ್ನೊಬ್ಬರಿಗೆ ಕಲಿಸಿದರೆ ಮರೆಯುವುದಿಲ್ಲವಂತೆ, ಇನ್ನೂ ಗಟ್ಟಿಯಾಗುತ್ತದಂತೆ. ನಾವು ನಂಬುವುದಿಲ್ಲ, ಎದುರಿಗೆ ಹೂಂ ಎನ್ನುತ್ತೇವೆ. ಹಾಗಾಗಿ ಅವರಿಗೆ ಕಂಡದ್ದನ್ನೆಲ್ಲ ಕೇಳುವ, ತಿಳಿದದ್ದನ್ನೆಲ್ಲ ಹೇಳುವ ಅಭ್ಯಾಸ. ಬಂದ ಹೊಸದರಲ್ಲಿ ಪಕ್ಕದ ಮನೆಯವರಿಗೆ ಹೋಳಿಗೆ ಮಾಡುವುದನ್ನು ಕಲಿಸಿಬಿಟ್ಟರು; ಆ ಯುಗಾದಿಗೆ ನಾವು ಪಕ್ಕದ ಮನೆಯ ಹೋಳಿಗೆ ವಾಸನೆ ಕುಡಿಯುತ್ತಾ ಪಾಯಸ ಉಂಡೆವು.

"ತಿಪ್ಪೇಶ, ದಿನಾ ನಾನು ಇಷ್ಟಿಷ್ಟು ಎಲೆ ಕಿತ್ಕೊಂಡು ಹೋಗ್ತೀನಲ್ಲ, ಈ ಗಿಡಕ್ಕೆ ಏನಾಗುತ್ತೆ? ಪಾಪ, ಇದು ಏನು ತಿಂದು ಬದುಕುತ್ತೆ?" ಎಂದು ಕೇಳಿದರು.

ಇಂಥ ಪ್ರಶ್ನೆಗೆ ನಮ್ಮ ಊರಿನವರು ಕೊಡುವ ಉತ್ತರ ಒಂದೇ, ಯಾರಿಗ್ಗೊತ್ತು ಎಂಬುದು. ಅದನ್ನು ಹೇಳಿ ಬಾಯಿ ಮುಕ್ಕಳಿಸಿ ಒಳಗೆ ಹೋಗಬಹುದಿತ್ತು. ಆದರೆ ನನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಆ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ನಾನು ಬಾಯಿಂದ ಬ್ರಷ್ ತೆಗೆದೆ. ಅತ್ತಿಗೆ ಕೈಯಲ್ಲಿದ್ದ ಒಂದು ಕಡ್ಡಿಯನ್ನೇ ತೆಗೆದುಕೊಂಡು, ಬಿಸಿಲಿಗೆ ಹಿಡಿದು, ನಿಧಾನವಾಗಿ ಹೇಳಿದೆ. ಏನು ಹೇಳಿದೆ ಎಂದು ನೀವು ಕೇಳಬೇಡಿ, ಅದು ಈಗ ನನ್ನ ಹತ್ತಿರ ಇಲ್ಲ. ನಿಮಗೆ ಗೊತ್ತಿದ್ದರೆ ನಿಮ್ಮ ಹತ್ತಿರವೇ ಇರಲಿ. ನನಗೆ ನೆನಪಿರುವುದು ಇಷ್ಟೇ: ಎಲೆ ಕೀಳುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅವರು ಆ ಗಿಡವನ್ನು ಮೊದಲ ಸಲ ನೋಡುವವರಂತೆ ನೋಡಿದರು. ನನ್ನ ಎಡಗಿವಿ ಗುಯ್ ಎಂದಿತು.

ನನ್ನ ಕೈಯಲ್ಲಿ ಒಂದು ಕರಿಬೇವಿನ ಕಡ್ಡಿ ಇತ್ತು. ಯಾಕೆ ಹಿಡಿದಿದ್ದೇನೆ ಎಂದು ಗೊತ್ತಾಗಲಿಲ್ಲ.

ಗಾಬರಿಯೇನೋ ಆಯಿತು. ಆದರೆ ನಾನು ಗಾಬರಿಯನ್ನೂ ಹೊತ್ತಿಗೆ ಸರಿಯಾಗಿ ಮಾಡುವವನಲ್ಲ. ಪಾಠ ಮನೆಯಲ್ಲೇ ಇದೆ, ಅತ್ತಿಗೆಯ ತಲೆಯಲ್ಲಿ, ಎಲ್ಲಿಗೆ ಹೋಗುತ್ತೆ, ಸ್ನಾನ ಮಾಡಿ ಬಂದು ವಾಪಸ್ ಹೇಳಿಸಿಕೊಂಡರಾಯಿತು ಎಂದುಕೊಂಡೆ. ಅಂದು ಹಬ್ಬದ ಅಂಗಿ ಹಾಕುವವನಿದ್ದೆ, ಹಾಗಾಗಿ ಬೆನ್ನು ಉಜ್ಜಿಕೊಂಡೆ. ಹಾಡನ್ನೂ ಹೇಳಿಕೊಂಡೆ. ತಲೆ ಒರೆಸುತ್ತಾ ಹೊರಗೆ ಬಂದಾಗ ಅತ್ತಿಗೆ ಮನೆಯಲ್ಲಿರಲಿಲ್ಲ. ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದಾರೆ ಎಂದು ಅವ್ವ ಹೇಳಿದಳು. ನಾನು ಚಿತ್ರಾನ್ನವನ್ನೂ ಬಿಡದೆ ತಿಂದೆ. ಅಷ್ಟು ಹೊತ್ತಿಗೆ ಅತ್ತಿಗೆ ತಲೆಗೂದಲಲ್ಲಿ ಹಿಟ್ಟು ಮೆತ್ತಿಕೊಂಡು, ತುಂಬ ಸಂತೋಷದಿಂದ ಬಂದರು.

"ಅತ್ತಿಗೆ, ಆಗ ಹೇಳಿದ್ನಲ್ಲ ಎಲೆ ಪಾಠ, ಬೇಗ ವಾಪಸ್ ಹೇಳಿ. ಇವತ್ತು ನಂದು ವೈವಾ."

"ಯಾವ ಎಲೆ?" ಎಂದರು ಅತ್ತಿಗೆ.

"ಕರಿಬೇವಿನ ಗಿಡದ ಹತ್ರ ಹೇಳಿದ್ನಲ್ಲ."

ಅತ್ತಿಗೆ ಯೋಚಿಸಿದರು. ಮುಖ ಸಣ್ಣದಾಯಿತು. "ಗಿರಣಿಲಿ ಏನೋ ಬಹಳ ಚೆನ್ನಾಗಿ ಮಾತಾಡಿದೆ ತಿಪ್ಪೇಶ. ಎಲ್ಲರೂ ಸುಮ್ಮನೆ ಕೇಳಿದ್ರು. ಆಮೇಲೆ ಕಿವಿ ಗುಯ್ ಅಂತು. ಗಿರಣಿ ಸದ್ದಿಗೆ ಅಂದ್ಕೊಂಡೆ ನಾನು."

ಅವರ ಮೇಲೆ ಸಿಟ್ಟು ಮಾಡಲು ನನಗೆ ಬಾಯಿ ಬರಲಿಲ್ಲ. ಅವರು ಗಿರಣಿಯವರೆಗಾದರೂ ಕಾದಿದ್ದರು. ಈ ಊರಲ್ಲೇ ಹುಟ್ಟಿ ಬೆಳೆದ ನಾನು ಹಲ್ಲುಜ್ಜಿ ಮುಗಿಯುವವರೆಗೂ ಕಾದಿರಲಿಲ್ಲ.

ಗಿರಣಿಗೆಂದು ಸೈಕಲ್ ಹತ್ತಿದೆ. ದಾರಿಯಲ್ಲಿ ಹೂವಿನವರು ಕೂಗಿ ಹಾರ ಕೈಗಿಟ್ಟರು; ಅದನ್ನು ಹ್ಯಾಂಡಲ್‌ಗೆ ನೇತುಹಾಕಿಕೊಂಡೆ. ಮೈಕ್ ಸೆಟ್‌ನವನಿಗೆ ನೆನಪು ಮಾಡಲು ಕಾಲೇಜಿನ ಗೇಟಿನ ಬಳಿ ಇಳಿದಾಗ ನನ್ನ ಗೆಳೆಯ ಫಕ್ರು ಎದುರಾದ. ಅವನ ವೈವಾ ಆಗಲೇ ಮುಗಿದಿತ್ತು. ಅವನದು ಬೇರು ಪಾಠ. ಕಾಲು ನೆಲಕ್ಕೆ ತಾಗದವನಂತೆ ನಡೆದು ಬಂದ.

"ಬೇರು ಅಂದ್ರೇನು ಅಂತ ಕೇಳು ನನ್ನ. ಗೊತ್ತಿಲ್ಲ. ಫಸ್ಟ್ ಕ್ಲಾಸ್" ಎಂದ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಏನಾಯ್ತೋ? ಒಳಗಿದೆ ತಾನೇ?"

ಹೇಳಿದೆ.  ಅವನು ಲೈಬ್ರರಿ ಕಡೆಗೆ, ಜಂಬಣ್ಣ ಕೂತಿದ್ದ ಕಟ್ಟೆಯ ಕಡೆಗೆ ನೋಡಿದ. ನಾನೂ ನೋಡಿದೆ. ಜಂಬಣ್ಣ ಕೈ ಎತ್ತಿ ನಕ್ಕ. ಕಟ್ಟೆಯ ಮೇಲೆ ಇನ್ನೊಬ್ಬನಿಗೆ ಜಾಗ ಧಾರಾಳವಾಗಿತ್ತು.

"ಮೇಷ್ಟ್ರು ಬೆಳಗ್ಗಿಂದ ನಿನ್ನನ್ನೇ ಕೇಳ್ತಾ ಇದಾರೆ. ತಿಪ್ಪೇಶನ್ನ ಕೊನೇಗೆ ಇಟ್ಕೊಂಡಿದೀನಿ, ಊಟ ಆದ್ಮೇಲೆ ಬಾಳೆಹಣ್ಣು ತಿಂದ ಹಾಗೆ, ಅಂದ್ರು" ಎಂದ ಫಕ್ರು. "ನೀನು ಹೋಗು. ಮೈಕ್ ಬಜ್ಜಿ ಎಲ್ಲ ನಾನು ನೋಡ್ಕೋತೀನಿ. ಎಲ್ಲಿದ್ರೂ ಹುಡುಕ್ಕೊಂಡು ಬಾ."

ಗಿರಣಿ ಕೊಟ್ರೇಶಪ್ಪ ಹುಬ್ಬು ಮೀಸೆ ಎಲ್ಲ ಬೆಳ್ಳಗೆ ಮಾಡಿಕೊಂಡು ಕೂತಿದ್ದ. ಕರೆಂಟ್ ಹೋಗಿದ್ದರಿಂದ ಮಾತಿಗೆ ಸಿಕ್ಕಿದ. "ನನ್ನ ಕೇಳಿದ್ರೆ ಏನು ಉಪಯೋಗ ಐತೆ? ಬೆಲ್ಟು ತಿರುಗ್ತಾ ಇದ್ರೆ ನನ್ನ ಹೆಂಡ್ತಿ ಬೈಯೋದೂ ಕೇಳ್ಸಲ್ಲ. ನಿಮ್ಮ ಅತ್ತಿಗೆ ಏನೋ ಹೇಳ್ತಿದ್ರು, ಹೆಂಗಸರೆಲ್ಲ ಸುತ್ತ ನಿಂತಿದ್ರು, ಅಷ್ಟು ಕಂಡೆ."

"ಅದು ಯಾರ ತಲೇಲಿ ಕೂತಿದೆ ಅಂತ ಗೊತ್ತಾಗ್ಬೇಕಲ್ಲ ಕೊಟ್ರೇಶಪ್ಪ."

ಅವನು ಮೀಸೆ ಒರೆಸಿಕೊಂಡು ಒಂದು ಡಬ್ಬವನ್ನು ಕಾಲಿನಿಂದ ಮುಂದೆ ತಳ್ಳಿದ. "ನೋಡು, ಒಬ್ಬರು ಹಿಟ್ಟು ಇಲ್ಲೇ ಬಿಟ್ಟು ಹೋಗವ್ರೆ. ಬಿಸಿ ಹಿಟ್ಟು ಬಿಟ್ಟು ಬರಿಗೈಲಿ ಹೋಗ್ಬೇಕಾದ್ರೆ ತಲೆಗೆ ಏನೋ ಬಂದು ಕೂತಿರ್ಬೇಕಲ್ವಾ. ಹಾಲಪ್ಪ ಮೇಷ್ಟ್ರ ಮನೇದು ಡಬ್ಬ. ಆ ಮನೆಯಮ್ಮ ರಸ್ತೆ ಮರ ಎಲ್ಲ ನೋಡ್ಕೊಂಡು ನೋಡ್ಕೊಂಡು ಹೋದ್ರು."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಾರಿಗೆ ಮುಟ್ಟಿಸಬೇಕಾಗಿತ್ತೋ ಅವರ ಮನೆಗೇ ಪಾಠ ತಾನಾಗಿ ನಡೆದುಕೊಂಡು ಹೋಗಿತ್ತು, ನನ್ನನ್ನು ಬಿಟ್ಟು. ಡಬ್ಬವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡೆ. ಮುಚ್ಚಳ ಸಡಿಲವಿತ್ತೆಂದು ಆಮೇಲೆ ತಿಳಿಯಿತು. ಮೇಷ್ಟ್ರ ಮನೆ ಸೇರುವ ಹೊತ್ತಿಗೆ ನನ್ನ ಹಬ್ಬದ ಅಂಗಿಯ ಬೆನ್ನು ರಾಗಿಯ ಬಣ್ಣಕ್ಕೆ ತಿರುಗಿತ್ತು.

ಮೇಷ್ಟ್ರ ಹೆಂಡತಿ ನೀಲಾಂಬಿಕಮ್ಮ ಅಂಗಳದ ನುಗ್ಗೆ ಗಿಡದ ಕೆಳಗೆ ಒಂದು ಮಣೆ ಹಾಕಿಕೊಂಡು, ತಲೆ ಮೇಲೆತ್ತಿ ಕೂತಿದ್ದರು. ಒಲೆಯ ಮೇಲೆ ಏನೋ ಸೀಯುವ ವಾಸನೆ ಬರುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

"ನೀನು ಮೇಷ್ಟ್ರ ಹುಡುಗ ಅಲ್ವೇನಪ್ಪ? ಡಬ್ಬ ತಂದ್ಯಾ. ಅಲ್ಲೇ ಇಡು" ಎಂದರು, ಗಿಡದಿಂದ ಕಣ್ಣು ತೆಗೆಯದೆ.

"ಅಮ್ಮ, ನಿಮ್ಮ ಹತ್ರ ಇರೋದು ನನ್ನ ಪಾಠ" ಎಂದೆ.

"ಹೌದೇನು? ಬಹಳ ಚೆನ್ನಾಗಿದೆ ಕಣಪ್ಪ." ಹೊಸ ಸೀರೆಯ ಬಗ್ಗೆ ಹೇಳುವಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ಮದುವೆ ಆಗಿ ಇಷ್ಟು ವರ್ಷ ಆಯ್ತು. ಊರ ಮಕ್ಕಳಿಗೆಲ್ಲ ಇದನ್ನ ಹೇಳಿದಾರೆ. ನನಗೆ ಒಂದು ದಿನ ಹೇಳ್ಲಿಲ್ಲ. ರಜ ಬಂದಾಗ ಪಾಠ ಎಲ್ಲ ತಲೇಲಿರುತ್ತೆ, ಈ ಗಿಡದ ಕೆಳಗೇ ಕೂತಿರ್ತಾರೆ, ಮುಖ ನೋಡಿದ್ರೆ ದೀಪ ಹಚ್ಚಿದ ಹಾಗಿರುತ್ತೆ, ಬಾಯಿ ಮಾತ್ರ ಬಿಡಲ್ಲ. ನನಗೆ ಹೇಳಿದ್ರೆ ಹೊರಟು ಹೋಗುತ್ತಲ್ಲ. ಕಾಲೇಜು ಶುರುವಾದ್ಮೇಲೆ ಎಲ್ಲ ಖಾಲಿ. ಆಗ ಮಾತಾಡ್ತಾರೆ. ತರಕಾರಿ ಏನು ತರ್ಲಿ ಅಂತಾರೆ."

 ನನ್ನ ವರ್ಷ ಹಾಳಾಗುವ ವಿಷಯ ಹೇಳಿದೆ. ಜಂಬಣ್ಣನ ವಿಷಯ ಹೇಳಿದೆ. ನನ್ನ ದನಿ ನನಗೇ ನಾಚಿಕೆಯಾಗುವಷ್ಟು ದೀನವಾಗಿತ್ತು, ಆದರೂ ನಿಲ್ಲಿಸಲಿಲ್ಲ. ಫೇಲಾದರೆ ಅಣ್ಣ ನನ್ನನ್ನು ತನ್ನ ಅಂಗಡಿಯಲ್ಲಿ ಸಿಮೆಂಟ್ ಇಟ್ಟಿಗೆ ಎಣಿಸಲು ಕೂರಿಸುತ್ತಾನೆ ಎಂಬುದನ್ನೂ ಸೇರಿಸಿದೆ.

"ಅಯ್ಯೋ, ನಿನ್ನ ವರ್ಷ ನಾನ್ಯಾಕೆ ಹಾಳು ಮಾಡ್ಲಿ" ಎಂದರು ನೀಲಾಂಬಿಕಮ್ಮ. ಒಂದು ಸಲ ಮೇಲೆ ನೋಡಿದರು. "ಸ್ವಲ್ಪ ಹೊತ್ತಾದ್ರೂ ಇತ್ತಲ್ಲ. ಕೂತ್ಕೋ, ಹೇಳ್ತೀನಿ."

ಕೂತೆ. ಅವರು ಹೇಳಿದರು. ನನ್ನ ತಲೆಯೊಳಗೆ ಹಾರ ಬಾಡುತ್ತಿತ್ತು, ಫಕ್ರು ಬಜ್ಜಿಗೆ ಹೇಳಿದನೋ ಇಲ್ಲವೋ ಎಂಬ ಲೆಕ್ಕ ನಡೆಯುತ್ತಿತ್ತು. ಪಾಠ ಬಾಗಿಲವರೆಗೆ ಬಂದು, ಒಳಗೆ ಜಾಗವಿಲ್ಲದ್ದು ಕಂಡು, ವಾಪಸ್ ಹೋಯಿತು. ಅವರ ಕಿವಿ ಗುಯ್ ಅನ್ನಲಿಲ್ಲ. ಮತ್ತೆ ಹೇಳಿದರು. ಮತ್ತೆ ಹಾಗೇ ಆಯಿತು. "ನಿನ್ನ ತಲೆ ಏನಪ್ಪ, ಸಂತೆ ದಿನದ ಬಸ್ಸಾಗಿದೆ" ಎಂದು ಅವರೇ ಎದ್ದು ಒಲೆ ಆರಿಸಿ, ಬೇರೆ ಸೀರೆ ಉಟ್ಟುಕೊಂಡು ಬಂದರು. ದಾರಿಯಲ್ಲಿ ಹೇಳುವುದೆಂದು ತೀರ್ಮಾನವಾಯಿತು.

ಮೇಷ್ಟ್ರ ಹೆಂಡತಿಯನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಅವರ ಕೈಗೆ ಮೇಷ್ಟ್ರ ಹಾರವನ್ನೇ ಕೊಟ್ಟು, ಊರ ನಡುವೆ ಹೋದವನು ನಾನೊಬ್ಬನೇ ಇರಬೇಕು. ಅಂಗಡಿಯವರು ಎದ್ದು ನಿಂತು ನೋಡಿದರು. ನೀಲಾಂಬಿಕಮ್ಮ ಹಿಂದಿನಿಂದ ಪಾಠ ಹೇಳುತ್ತಿದ್ದರು. ನಾನು ಏರಿನಲ್ಲಿ ಏದುಸಿರು ಬಿಡುತ್ತಾ, ಟೈರಿನ ಗಾಳಿ ಹೋಗುತ್ತಿದೆಯೇನೋ ಎಂದು ಕಿವಿಗೊಟ್ಟಿದ್ದೆ. ಮಧ್ಯೆ ಮಧ್ಯೆ ಅವರೇ "ಒಂಚೂರು ನಿಲ್ಸು" ಎಂದು ಯಾವುದಾದರೂ ಮರದ ಕೆಳಗೆ ನಿಲ್ಲಿಸುತ್ತಿದ್ದರು. ಹುಣಸೆ ಮರವನ್ನು ನೋಡಿದರು. ಬೇವಿನ ಮರವನ್ನು ನೋಡಿದರು. ತಾಲ್ಲೂಕು ಕಚೇರಿಯ ಬೇಲಿಯ ಲಂಟಾನ ಗಿಡವನ್ನೂ ಬಿಡಲಿಲ್ಲ. ಪ್ರತಿ ಸಲವೂ "ಇದೂ ಮಾಡ್ತಾ ಇದೆ ನೋಡು" ಎಂದು ನಗುತ್ತಿದ್ದರು. ಏನು ಮಾಡುತ್ತಿದೆ ಎಂದು ನನಗೆ ತಿಳಿಯಲಿಲ್ಲ. ನಿಂತಿದೆ, ಅಷ್ಟೇ.

ಕಾಲೇಜು ತಲುಪಿದಾಗ ವೈವಾ ಕೋಣೆಯ ಮುಂದೆ ಯಾರೂ ಉಳಿದಿರಲಿಲ್ಲ. ಒಳಗಿನಿಂದ ಮೇಷ್ಟ್ರು ಕೆಮ್ಮಿದ್ದು ಕೇಳಿಸಿತು. ನೀಲಾಂಬಿಕಮ್ಮ ನನ್ನನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಬೆನ್ನಿನ ಹಿಟ್ಟನ್ನು ಸೆರಗಿನಿಂದ ಕೊಡವಿದರು. "ಉಸಿರು ತಗೋ. ಈಗ ಬೇರೆ ಏನೂ ಯೋಚಿಸ್ಬೇಡ. ಆ ಹೊಂಗೆ ಮರ ನೋಡು, ನಾನು ಹೇಳೋದು ಕೇಳು" ಎಂದರು. ಅವರ ದನಿಯಲ್ಲಿ ಅವಸರವಿರಲಿಲ್ಲ. ಓಡಿ ಓಡಿ ನನ್ನಲ್ಲಿ ಗಾಬರಿಯೂ ಮುಗಿದುಹೋಗಿತ್ತು. ನಾನು ಕೇಳಿದೆ.

ಅದು ಬರತೊಡಗಿತು. ಎದುರಿಗಿದ್ದ ಹೊಂಗೆ ಮರ ಸುಮ್ಮನೆ ನಿಂತಂತೆ ಕಾಣಲಿಲ್ಲ. ಮೈತುಂಬ ಏನೋ ಕೆಲಸ ಹಚ್ಚಿಕೊಂಡಂತೆ ಕಂಡಿತು. ಬಂತು, ಬಂತು ಎಂದುಕೊಂಡು ಸಂತೋಷದಿಂದ ನೀಲಾಂಬಿಕಮ್ಮನ ಕಡೆ ತಿರುಗಿದೆ. ಅವರ ಕೈ ಎಡಗಿವಿಯ ಹತ್ತಿರ ಹೋಗಿತ್ತು. ಮಾತು ತಡೆಯುತ್ತಿತ್ತು. ಅಡುಗೆಮನೆಗೆ ಬಂದು ಯಾಕೆ ಬಂದೆ ಎಂದು ಮರೆತವರ ಮುಖ ಇರುತ್ತದಲ್ಲ, ಆ ಮುಖ ಬರತೊಡಗಿತ್ತು. ಆದರೂ ಹೇಳುತ್ತಲೇ ಇದ್ದರು.

ನನಗೆ ತಡೆಯಲಾಗಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ.

ಇದನ್ನು ತ್ಯಾಗ ಎಂದು ನೀವು ತಿಳಿದರೆ ನನಗೆ ಸಂತೋಷವೇ. ಆದರೆ ಆ ಹೊತ್ತಿನಲ್ಲಿ ನಾನು ಅಂಥದ್ದೇನನ್ನೂ ಯೋಚಿಸಲಿಲ್ಲ. ಆ ಹೆಂಗಸಿನ ಮುಖದಿಂದ ಅದನ್ನು ಕಿತ್ತುಕೊಳ್ಳುವುದು ನನ್ನ ಕೈಲಿ ಆಗಲಿಲ್ಲ, ಅಷ್ಟೇ. ಎಷ್ಟೋ ವರ್ಷ ಕಾದು ಅವರಿಗೆ ಸಿಕ್ಕಿದ್ದು ಅದೊಂದು. ನನಗಾದರೆ ಏನೂ ಗೊತ್ತಿಲ್ಲದೆ ಬದುಕಿ ಒಳ್ಳೆಯ ಅಭ್ಯಾಸವಿತ್ತು. ಹೊಂಗೆ ಮರ ಮತ್ತೆ ಬರೀ ಮರವಾಯಿತು. ನಾನು ಎದ್ದು ಒಳಗೆ ಹೋದೆ.

ಹಾಲಪ್ಪ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೇಜಿನ ಮೇಲೆ ಕೈ ಜೋಡಿಸಿಕೊಂಡು ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಅದುವರೆಗೆ ಯಾರೂ ನನ್ನನ್ನು ಕಂಡು ಹಾಗೆ ಸಂತೋಷಪಟ್ಟಿರಲಿಲ್ಲ.

"ಬಾರೋ ತಿಪ್ಪೇಶ. ಎಲೆ ಪಾಠ. ಶುರು ಮಾಡು."

"ಸಾರ್, ನನ್ನ ಹತ್ರ ಇಲ್ಲ."

 ಅವರ ಜೋಡಿಸಿದ್ದ ಕೈ ಬಿಟ್ಟಿತು. ಕಿಟಕಿಯಾಚೆ ಒಮ್ಮೆ ನೋಡಿ, ತಲೆ ತಗ್ಗಿಸಿದರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಎಲ್ಲಿ ಹೋಯ್ತು?" ಎಂದರು ಕೊನೆಗೆ.

"ಮೊದಲು ನಮ್ಮ ಅತ್ತಿಗೆ ಹತ್ರ ಹೋಯ್ತು ಸಾರ್. ಆಮೇಲೆ ಗಿರಣಿಗೆ ಹೋಯ್ತು. ಈಗ ಬಾಗಿಲಲ್ಲಿ ನಿಂತಿದೆ."

ಅವರು ತಲೆಯೆತ್ತಿದರು. ನೀಲಾಂಬಿಕಮ್ಮ ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು, ವಿದ್ಯಾರ್ಥಿಗಳು ಕೂರುವ ಕುರ್ಚಿಯಲ್ಲಿ ಕೂತರು. "ರೀ, ನಾನು ಹೇಳ್ತೀನಿ ಕೇಳಿ" ಎಂದರು. ನಾನು ಹೊರಗೆ ಓಡಿಬಂದು ಬಾಗಿಲು ಎಳೆದುಕೊಂಡೆ. ನನ್ನ ತಲೆಯನ್ನು ಅಂದು ನಂಬುವಂತಿರಲಿಲ್ಲ. ಬೇಡವೆಂದಾಗ ಜಾಗ ಮಾಡಿಕೊಟ್ಟರೂ ಕೊಟ್ಟೀತು.

ಬಾಗಿಲ ಗಾಜಿನಿಂದ ನೋಡಿದೆ. ಮೇಷ್ಟ್ರು ಕೈಕಟ್ಟಿ ಕೇಳುತ್ತಿದ್ದರು. ನೀಲಾಂಬಿಕಮ್ಮ ಪಾಠ ಹೇಳುತ್ತಾ ಒಮ್ಮೆ ಕಿಟಕಿಯ ಕಡೆ, ಒಮ್ಮೆ ಹಾರದ ಎಲೆಯ ಕಡೆ ಬೆರಳು ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರ ಮುಖ ಬೆಳಗಿತು. ನೀಲಾಂಬಿಕಮ್ಮ ಕಿವಿ ಮುಟ್ಟಿಕೊಂಡು ಸುಮ್ಮನಾದರು.  ನಾನು ಕಟ್ಟೆಯ ಮೇಲೆ ಜಂಬಣ್ಣನ ಎಡಗಡೆ ಕೂರುವುದೋ ಬಲಗಡೆಯೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಳಗೆ ಕರೆದರು.

"ಅತ್ತಿಗೆಗೆ ಹೇಳಿದಾಗ ನಿನ್ನ ಕಿವಿ ಗುಯ್ ಅಂತೇನೋ?" ಎಂದು ಕೇಳಿದರು ಮೇಷ್ಟ್ರು.

"ಅಂತು ಸಾರ್."

"ಪೂರ್ತಿ ಹೋಯ್ತಾ?"

"ಚೂರೂ ಉಳೀಲಿಲ್ಲ ಸಾರ್."

"ವೈವಾದಲ್ಲಿ ನಾನು ನೋಡೋದು ಅಷ್ಟೇ ಅಲ್ವೇನೋ. ಇನ್ನೊಬ್ಬರ ಮನಸ್ಸಿಗೆ ಹತ್ತೋ ಹಾಗೆ ಹೇಳ್ತಾನಾ ಇಲ್ವಾ ಅಂತ. ನೀನು ಹಲ್ಲುಜ್ಜೋ ಹೊತ್ತಿಗೇ ಪಾಸಾಗಿದ್ದೆ. ಮತ್ತೆ ಬೆಳಗ್ಗಿಂದ ಯಾಕೆ ಓಡಾಡಿದೆ?"

 ಜೀವನದಲ್ಲಿ ಒಂದೇ ಒಂದು ಕೆಲಸವನ್ನು ಹೊತ್ತಿಗೆ ಮುಂಚೆ ಮಾಡಿ ಮುಗಿಸಿದ್ದೆ. ಅದನ್ನು ಸರಿಪಡಿಸಲು ಇಡೀ ದಿನ ಸೈಕಲ್ ತುಳಿದಿದ್ದೆ.

"ಫಸ್ಟ್ ಕ್ಲಾಸ್ ಮಾತ್ರ ಕೊಡಲ್ಲ" ಎಂದರು ಮೇಷ್ಟ್ರು. "ಪಾಠಾನ ಗಿರಣಿಗೆ ಕಳಿಸಿದವನಿಗೆ ಫಸ್ಟ್ ಕ್ಲಾಸ್ ಕೊಟ್ರೆ ಕಾಲೇಜಿನ ಮರ್ಯಾದೆ ಏನಾಗ್ಬೇಕು."

ಸಂಜೆ ಸಮಾರಂಭ ನಡೆಯಿತು. ಮೈಕ್ ಕೀರಲು ದನಿ ಮಾಡಿತು. ಅರ್ಧ ಉದುರಿದ ಹಾರವನ್ನು ಮೇಷ್ಟ್ರು ಹೊಸದೆಂಬಂತೆ ಹಾಕಿಸಿಕೊಂಡರು. ಎರಡು ಮಾತಾಡಿ ಎಂದು ಕೇಳಿದಾಗ ಎದ್ದು, ಬಾಯಿ ತೆರೆದು, ಎಲ್ಲರಿಗೂ ನಮಸ್ಕಾರ ಎಂದಷ್ಟೇ ಹೇಳಿ, ತಲೆಯನ್ನು ತುಂಬಿದ ಕೊಡದಂತೆ ಜೋಪಾನವಾಗಿ ಹಿಡಿದುಕೊಂಡು ಕೂತರು. ಎಲ್ಲರೂ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ನಮ್ಮ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಭಾಷಣ ಯಾರೂ ಕೇಳಿರಲಿಲ್ಲ.

ಶಾಲು, ಹಣ್ಣಿನ ಬುಟ್ಟಿ, ಹಾರ ಎಲ್ಲ ಮನೆಗೆ ಮುಟ್ಟಿಸುವುದೂ ಉಸ್ತುವಾರಿಯ ಕೆಲಸವೇ. ಮೇಷ್ಟ್ರು ಮತ್ತು ನೀಲಾಂಬಿಕಮ್ಮ ಮುಂದೆ ನಡೆಯುತ್ತಿದ್ದರು. ನಾನು ಎಲ್ಲವನ್ನೂ ಹೇರಿಕೊಂಡು ಸೈಕಲ್ ತಳ್ಳುತ್ತಾ ಹಿಂದೆ ಬರುತ್ತಿದ್ದೆ. ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಬೇವಿನ ಮರದ ಹತ್ತಿರ ನೀಲಾಂಬಿಕಮ್ಮ ನಿಂತರು.

"ರೀ, ಇದು ಏನ್ ಮಾಡ್ತಾ ಇದೆ? ಮಧ್ಯಾಹ್ನ ಗೊತ್ತಿತ್ತು ನನಗೆ."

ಮೇಷ್ಟ್ರು ಉತ್ತರ ಕೊಡಲಿಲ್ಲ. ಅವರ ಬಾಯಿ ಬಿಗಿದೇ ಇತ್ತು, ಅಷ್ಟು ವರ್ಷದ ಅಭ್ಯಾಸ. ನೀಲಾಂಬಿಕಮ್ಮ ಇನ್ನೊಂದು ಸಲ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಮುಂದೆ ಹೆಜ್ಜೆ ಇಟ್ಟರು. ನನಗೆ ಎಷ್ಟು ಸಂಕಟವಾಯಿತೆಂದರೆ, ಪಾಠ ನನ್ನ ಹತ್ತಿರ ಇದ್ದಿದ್ದರೆ ಅಲ್ಲೇ ನಿಂತು ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಅವರ ಕೈ ಹಿಡಿದು ನಿಲ್ಲಿಸಿದರು.

"ಬಾ ಇಲ್ಲಿ ನೀಲಾ. ಈ ಎಲೆ ಇದೆಯಲ್ಲ..." ಎಂದು ಶುರು ಮಾಡಿದರು.

ಹೇಳಿ ಮುಗಿಸಿ ಎಡಗಿವಿ ಮುಟ್ಟಿಕೊಂಡರು. ಹುಣಸೆ ಮರದ ಹತ್ತಿರ ಬಂದಾಗ, ಅದನ್ನು ಏನೆಂದು ತಿಳಿಯದೆ ನೋಡುತ್ತಾ ನಿಂತದ್ದು ಮೇಷ್ಟ್ರು. ನೀಲಾಂಬಿಕಮ್ಮ ನಕ್ಕುಬಿಟ್ಟರು. "ಈಗ ನೀವು ಕೇಳಿ" ಎಂದರು. ಮುಂದಿನ ಮರಕ್ಕೆ ಮೇಷ್ಟ್ರ ಸರದಿ. ಅದರ ಮುಂದಿನದಕ್ಕೆ ನೀಲಾಂಬಿಕಮ್ಮನದು. ತಾಲ್ಲೂಕು ಕಚೇರಿಯ ಬೇಲಿಯ ಲಂಟಾನ ಗಿಡದ ಹತ್ತಿರವೂ ನಿಂತರು. ಅವರಿಬ್ಬರ ನಡುವೆ ಅದು ಹೋಗುತ್ತಿತ್ತು, ಬರುತ್ತಿತ್ತು. ಕಳೆದುಹೋಗಲಿಲ್ಲ.

ಅವರ ಮಾತು ಗಾಳಿಯಲ್ಲಿ ತೇಲಿಬಂದು ಮತ್ತೆ ಎಲ್ಲಿ ನನ್ನ ತಲೆಗೆ ಹತ್ತಿಬಿಡುತ್ತದೋ ಎಂದು, ನಾನು ದಾರಿಯುದ್ದಕ್ಕೂ ಸೈಕಲ್ ಬೆಲ್ ಬಾರಿಸುತ್ತಾ ಹಿಂದೆಯೇ ಉಳಿದೆ.